ಮನ್ಯಾಗ ಬರೂ ಲೆಕ್ಕ ಪರೀಕ್ಷೆದಾಗ ಯಾಕ ಬರಾಂಗಿಲ್ಲ?

ಪ್ರಶ್ನೆ: ಸರ್, ಮಗಳು ಎಸ್ಸೆಸ್ಸೆಲ್ಸಿ. ಮನ್ಯಾಗ ಕುಂತು ಎಲ್ಲಾ ಲೆಕ್ಕ ಬಿಡಸ್ತಾಳ್ರೀ. ಪರೀಕ್ಷೆದಾಗ ಪೇಪರ್ ಕೈಗೆ ಬಂತಂದ್ರ ಕೈ ನಡಗತಾವ, ಬಂದದ್ದೂ ಮರೀತಾಳ. ಇದು ಅಂಜಿಕೆನೋ, ಅಭ್ಯಾಸ ಸಾಲದ್ದಕ್ಕೋ?
— ಒಬ್ಬ ತಾಯಿ, ಮುಧೋಳ ತಾಲೂಕು

ಉತ್ತರ: ಅಕ್ಕಾರ, ಮೊದಲು ಒಂದು ಕೆಲಸ ಮಾಡಿ. ಟೆಸ್ಟಿನಲ್ಲಿ ಅವಳು ತಪ್ಪಿದ ಐದು ಲೆಕ್ಕ ಆರಿಸಿ ಕೊಡಿ. ಗಡಿಯಾರ ಬೇಡ, ನೀವೂ ಪಕ್ಕದಲ್ಲಿ ನಿಲ್ಲಬೇಡಿ. ನಾಲ್ಕು ಸರಿಯಾದರೆ ಬಹುಮಟ್ಟಿಗೆ ಅಂಜಿಕೆಯೇ. ಆಗಲೂ ಅಲ್ಲಲ್ಲೇ ಎಡವಿದರೆ ಕಲಿಕೆಯಲ್ಲೇ ತೂತಿದೆ, ಹಿಂದಿನ ತರಗತಿಗೆ ಹೋಗಬೇಕು. ವರ್ಗಸಮೀಕರಣ ಬರುವುದಿಲ್ಲ ಎಂದು ಅಳುವ ಎಷ್ಟೋ ಮಕ್ಕಳಿಗೆ ನಿಜವಾಗಿ ಬರದಿರುವುದು ಭಿನ್ನರಾಶಿ. ಎರಡೂ ಕೂಡಿಕೊಂಡಿರುವುದೂ ಉಂಟು.

ಅಂಕ ನೋಡಿ ಅಂಜಿಕೆ ಗುರುತಿಸಲಾಗದು. ಗಣಿತದ ಟೆಸ್ಟ್ ಇದ್ದ ದಿನವೇ ಹೊಟ್ಟೆನೋವು, ಹೋಂವರ್ಕಿನಲ್ಲಿ ಗಣಿತ ಯಾವಾಗಲೂ ಕಟ್ಟಕಡೆಗೆ, ಸರಿ ಉತ್ತರವನ್ನೂ ರಬ್ಬರಿನಿಂದ ಅಳಿಸಿ ಮತ್ತೆ ಬರೆಯುವುದು: ಇವನ್ನು ಗಮನಿಸಿ.

ಒಳಗೆ ಏನಾಗುತ್ತದೆ? 47ಕ್ಕೆ 38 ಕೂಡಿಸಿ. ಏಳು ಎಂಟು ಹದಿನೈದು, ಐದು ಬರೆದು ದಶಕ ಒಂದು. ಆ ಒಂದನ್ನು ಒಂದು ಗಳಿಗೆ ನೆನಪಿನಲ್ಲಿ ಹಿಡಿದಿಡಬೇಕು. ಇಂಥ ನೆನಪಿಗೆ ತಲೆಯಲ್ಲಿರುವ ಜಾಗ ಬಲು ಸಣ್ಣದು. 'ಫೇಲಾದ್ರ ಅಪ್ಪ ಏನಂದಾನು' ಎಂಬ ಚಿಂತೆ ಅಲ್ಲೇ ಬಂದು ಕೂತರೆ ದಶಕ ಜಾರಿಬಿತ್ತು. 2001ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ ಇದನ್ನೇ ಪರೀಕ್ಷಿಸಿದರು. ಅಕ್ಷರಗಳನ್ನು ನೆನಪಿಟ್ಟುಕೊಂಡೇ ದಶಕದ ಕೂಡಿಕೆ ಮಾಡಲು ಹೇಳಿದಾಗ, ಗಣಿತಕ್ಕೆ ಅಂಜುವವರ ತಪ್ಪುಗಳು ಉಳಿದವರಿಗಿಂತ ಬಹಳ ಹೆಚ್ಚಿದವು. ಹೀಗಾಗಿ 'ಮನ್ಯಾಗ ಬರ್ತಿತ್ತು' ಎಂದು ನಿಮ್ಮ ಮಗಳು ಹೇಳಿದರೆ ನಂಬಿ.

ಪರೀಕ್ಷೆಯ ದಿನ ಹೊರಡುವ ಮೊದಲು ಹತ್ತು ನಿಮಿಷ, ತನಗೆ ಯಾವುದರ ಹೆದರಿಕೆ ಎಂದು ಹಾಳೆಯ ಮೇಲೆ ಬರೆಯಲಿ, ಯಾರಿಗೂ ತೋರಿಸಬೇಕಿಲ್ಲ. 2011ರಲ್ಲಿ ಅಮೆರಿಕದ ಸಂಶೋಧಕರಾದ ಗೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ ಹೀಗೆ ಬರೆಸಿ ನೋಡಿದಾಗ ಅಂಜುವ ವಿದ್ಯಾರ್ಥಿಗಳ ಅಂಕ ಏರಿತ್ತು. ಇನ್ನು ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷ ಇದೆಯಲ್ಲ, ಆಗ ಲೆಕ್ಕ ಬಿಡಿಸುವುದು ಬೇಡ. ಖಾತ್ರಿ ಬರುವ ಪ್ರಶ್ನೆಗಳನ್ನು ಗುರುತಿಸಿ, ಅವುಗಳಿಂದಲೇ ಶುರು ಮಾಡಲಿ. ಮನೆಯಲ್ಲಿ ವಾರಕ್ಕೊಮ್ಮೆ ಗಡಿಯಾರ ಇಟ್ಟು ರೂಢಿ ಮಾಡಿಸಿ, ಮೊದಲು ಐದೇ ಲೆಕ್ಕ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದೇ ದಿನದ ಮೇಲೆ ಎಲ್ಲಾ ನಿಂತಿಲ್ಲ ಎಂಬುದನ್ನೂ ತಿಳಿಸಿ.

ಪಾವಕಿ, ದೀಡಕಿ ಎಂಬ ಕಾಲು, ಒಂದೂವರೆಯ ಮಗ್ಗಿಗಳನ್ನು ನಮ್ಮ ತಲೆಯೊಳಗೆ ಬೆತ್ತದಿಂದ ತುರುಕಿದರು. ಮಾಸ್ತರನಾದ ಮೇಲೆ ನಾನೂ ಅದನ್ನೇ ಮಾಡಿದೆ. ಉತ್ತರ ತಿಳಿದಿದ್ದ ಹುಡುಗರೂ ಬೋರ್ಡಿನ ಮುಂದೆ ಮೂಕರಾಗುತ್ತಿದ್ದರು. ಸೊಕ್ಕು ಅಂದುಕೊಂಡೆ, ಇನ್ನೂ ಎರಡೇಟು ಹಾಕಿದೆ.

ನೀವೂ ಒಂದು ಮಾತು ಬಿಡಬೇಕು: 'ನನಗೂ ಗಣಿತ ಬರ್ತಿದ್ದಿಲ್ಲ'. ಸಮಾಧಾನಕ್ಕೇ ಹೇಳುತ್ತೀರಿ, ಆದರೆ ಬಿಟ್ಟುಬಿಡಲು ಮಗುವಿಗೆ ಪರವಾನಗಿ ಸಿಕ್ಕಂತೆ. ಅದೂ ಅಲ್ಲದೆ ನಿಮಗೆ ಗಣಿತ ಬರುತ್ತದೆ. ಸಂಘದ ಸಾಲ ಇಪ್ಪತ್ತು ಸಾವಿರ, ನೂರಕ್ಕೆ ತಿಂಗಳಿಗೆ ದೀಡ ರೂಪಾಯಿ ಬಡ್ಡಿ ಎಂದರೆ ಮುನ್ನೂರು ಎಂದು ಬಾಯಲ್ಲೇ ಹೇಳುವವರು ನೀವು. ಮುಂದಿನ ಸಲ ಸಂಘದ ಪುಸ್ತಕ ಅವಳ ಕೈಗೆ ಕೊಟ್ಟು, 'ನಾ ಹಾಕಿದ ಲೆಕ್ಕ ಬರೋಬ್ಬರಿ ಐತೇನು ನೋಡವ್ವ' ಅನ್ನಿ.