ಒಂದೇ ಕುರ್ಚಿ, ಬದಲಾಗುವ ಮಾಲೀಕ: ಗುತ್ತಿಗೆ ನೌಕರಿಯಲ್ಲಿ ‘ಎಂಎಸ್‌ಪಿ’ ಬಂದ ಬಗೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ಒಳಹೋಗುವವರ ಕೊರಳಿನ ಐಡಿ ಕಾರ್ಡನ್ನು ಗಮನಿಸಿದರೆ, ಹಲವು ಕಂಪನಿಗಳಲ್ಲಿ ಅದರ ಪಟ್ಟಿಯ ಬಣ್ಣವೇ ಎರಡು ಬಗೆಯದಾಗಿರುತ್ತದೆ. ಒಂದು ಕಾಯಂ ನೌಕರರದು, ಇನ್ನೊಂದು ವೆಂಡರ್, ಅಂದರೆ ಜನರನ್ನು ಪೂರೈಸುವ ಏಜೆನ್ಸಿಯ, ಕಡೆಯಿಂದ ಬಂದವರದು. ಇಬ್ಬರೂ ಒಂದೇ ತಂಡದಲ್ಲಿ, ಅಕ್ಕಪಕ್ಕದ ಮೇಜುಗಳಲ್ಲಿ ಕೂರುತ್ತಾರೆ. ಆದರೆ ಸಂಬಳ, ರಜೆ, ದೂರು ಎಂದ ಕೂಡಲೇ ಅವರ ದಾರಿಗಳು ಬೇರೆಯಾಗುತ್ತವೆ. ಈಚಿನ ವರ್ಷಗಳಲ್ಲಿ ಈ ಎರಡನೆಯ ದಾರಿಗೆ ಮತ್ತೊಂದು ತಿರುವು ಸೇರಿಕೊಂಡಿದೆ. ಕಂಪನಿಗೂ ವೆಂಡರುಗಳಿಗೂ ನಡುವೆ ನಿಂತು ಗುತ್ತಿಗೆ ನೌಕರರ ಇಡೀ ವ್ಯವಹಾರವನ್ನು ನೋಡಿಕೊಳ್ಳುವ ಮೂರನೆಯ ಸಂಸ್ಥೆಗೆ ಮ್ಯಾನೇಜ್ಡ್ ಸರ್ವಿಸ್ ಪ್ರೊವೈಡರ್ ಎಂದು ಹೆಸರು. ಚಿಕ್ಕದಾಗಿ ಎಂಎಸ್‌ಪಿ. ರೈತರ ಬೆಂಬಲ ಬೆಲೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲಸ ಕೊಡುವವನಿಗೂ ಮಾಡುವವನಿಗೂ ನಡುವೆ ಮಧ್ಯಸ್ಥ ಇರುವುದು ಹೊಸತಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮುಂಗಡ ಕೊಟ್ಟು ಕೂಲಿಕಾರರನ್ನು ಕರೆತರುತ್ತಿದ್ದ ಮೇಸ್ತ್ರಿಯಿಂದ ಹಿಡಿದು, 1946ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಕೆಲ್ಲಿ, 1948ರಲ್ಲಿ ಮಿಲ್ವಾಕಿಯಲ್ಲಿ ಆರಂಭವಾದ ಮ್ಯಾನ್‌ಪವರ್ ಎಂಬ, ತಾತ್ಕಾಲಿಕ ನೌಕರರನ್ನು ಪೂರೈಸುವ ಕಂಪನಿಗಳವರೆಗೆ ಆ ಜಾಗ ಎಂದೂ ಖಾಲಿ ಇರಲಿಲ್ಲ. ಆದರೆ ಮಧ್ಯಸ್ಥರನ್ನು ನೋಡಿಕೊಳ್ಳಲು ಇನ್ನೊಬ್ಬ ಮಧ್ಯಸ್ಥ ಏಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ಒಂದು ವ್ಯಾಜ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೈಕ್ರೋಸಾಫ್ಟ್ 1980ರ ದಶಕದ ಕೊನೆಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವರು, ಕರಡು ತಿದ್ದುವವರು, ಪದಸೂಚಿ ತಯಾರಿಸುವವರು ಮುಂತಾದ ಹಲವರನ್ನು ‘ಸ್ವತಂತ್ರ ಗುತ್ತಿಗೆದಾರರು’ ಎಂಬ ಹೆಸರಿನಲ್ಲಿ ನೇಮಿಸಿಕೊಂಡಿತ್ತು. ಅವರು ಕಾಯಂ ನೌಕರರ ಜೊತೆಯಲ್ಲೇ, ಅದೇ ಮೇಲ್ವಿಚಾರಕರ ಕೈಕೆಳಗೆ, ಅದೇ ವೇಳೆಯಲ್ಲಿ ಕೆಲಸ ಮಾಡುತ್ತಿದ್ದರು. ವ್ಯತ್ಯಾಸವಿದ್ದದ್ದು ಬ್ಯಾಡ್ಜಿನ ಬಣ್ಣದಲ್ಲಿ, ಇಮೇಲ್ ವಿಳಾಸದಲ್ಲಿ, ಕಂಪನಿಯ ಸಮಾರಂಭಗಳಿಗೆ ಆಹ್ವಾನವಿಲ್ಲದಿರುವುದರಲ್ಲಿ. ಇನ್ನೂ ಒಂದು ವ್ಯತ್ಯಾಸವಿತ್ತು. ಕಾಯಂ ನೌಕರರಿಗೆ ಹಣ ಬರುತ್ತಿದ್ದುದು ಸಂಬಳದ ವಿಭಾಗದಿಂದ. ಇವರು ಮಾತ್ರ ಕಾಗದ, ಪೀಠೋಪಕರಣ ಪೂರೈಸುವ ವ್ಯಾಪಾರಿಗಳಂತೆ ಬಿಲ್ಲು ಬರೆದು ಲೆಕ್ಕಪತ್ರ ವಿಭಾಗಕ್ಕೆ ಕಳಿಸಬೇಕಿತ್ತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಈ ವಿವರ. ಒಬ್ಬ ವ್ಯಕ್ತಿಯ ದುಡಿಮೆ ‘ಸಂಬಳ’ ಎಂಬ ಖಾತೆಯಿಂದ ‘ಖರೀದಿ’ ಎಂಬ ಖಾತೆಗೆ ಜಾರಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಅಮೆರಿಕದ ತೆರಿಗೆ ಇಲಾಖೆ ಇವರನ್ನು ಪರಿಶೀಲಿಸಿ, ಕರಾರಿನಲ್ಲಿ ಏನೇ ಬರೆದಿರಲಿ, ಇವರು ನೌಕರರೇ ಎಂದಿತು. ಕಂಪನಿ ತೆರಿಗೆ ಬಾಕಿ ಕಟ್ಟಿತು. ಕೆಲವರನ್ನು ಕಾಯಂ ಮಾಡಿಕೊಂಡಿತು. ಉಳಿದವರಲ್ಲಿ ಹೆಚ್ಚಿನವರಿಗೆ ತಾತ್ಕಾಲಿಕ ನೇಮಕಾತಿ ಏಜೆನ್ಸಿಯ ಮೂಲಕ ಬರುವಂತೆ ಸೂಚಿಸಿತು. 1992ರಲ್ಲಿ ಎಂಟು ಮಂದಿ ನ್ಯಾಯಾಲಯದ ಮೆಟ್ಟಿಲೇರಿದರು. ಕಂಪನಿಯ ಷೇರುಗಳನ್ನು ಮಾರುಕಟ್ಟೆಯ ಬೆಲೆಗಿಂತ ಶೇ. 15ರಷ್ಟು ಕಡಿಮೆಗೆ ಕೊಳ್ಳಲು ನೌಕರರಿಗಿದ್ದ ಅವಕಾಶ ತಮಗೂ ಸಿಗಬೇಕಿತ್ತು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ನಿಂತಿತು, ಮತ್ತು 2000ದ ಡಿಸೆಂಬರಿನಲ್ಲಿ 9.7 ಕೋಟಿ ಡಾಲರ್ ಕೊಡಲು ಒಪ್ಪುವುದರೊಂದಿಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ದೀರ್ಘಕಾಲ ದುಡಿಯುವವರನ್ನು ನೌಕರರೆಂದೇ ಒಪ್ಪಿಕೊಳ್ಳಬೇಕು ಎಂಬ ಪಾಠವನ್ನು ಉಳಿದ ಕಂಪನಿಗಳು ಇದರಿಂದ ಕಲಿಯಬಹುದಿತ್ತು. ಬಹುಪಾಲು ಕಡೆ ಕಲಿತದ್ದು ಬೇರೆ: ಅಂತರವನ್ನು ಇನ್ನಷ್ಟು ಎಚ್ಚರದಿಂದ ಕಾಯ್ದುಕೊಳ್ಳಬೇಕು. ಮೈಕ್ರೋಸಾಫ್ಟ್ ಸಹ, ಏಜೆನ್ಸಿಯ ಮೂಲಕ ಬಂದವರು ಒಂದು ವರ್ಷ ದುಡಿದ ಮೇಲೆ 100 ದಿನ ಹೊರಗಿರಬೇಕು ಎಂಬ ನಿಯಮವನ್ನು 2000ದಲ್ಲಿ ತಂದಿತು.

ಎಂಎಸ್‌ಪಿ ವ್ಯವಸ್ಥೆ ಬಲಿತದ್ದು ಈ ಹೊತ್ತಿನಲ್ಲಿಯೇ. ಇದಕ್ಕೆ ಬೇಕಾದ ತಂತ್ರಾಂಶವನ್ನು ಮಾರುವ ಕಂಪನಿಗಳು ಹುಟ್ಟಿಕೊಂಡವು. ಅವುಗಳಲ್ಲೊಂದಾದ ಫೀಲ್ಡ್‌ಗ್ಲಾಸ್ 1999ರಲ್ಲಿ ಷಿಕಾಗೊದಲ್ಲಿ ಆರಂಭವಾಗಿ, 2014ರಲ್ಲಿ ಜರ್ಮನಿಯ ತಂತ್ರಾಂಶ ಕಂಪನಿ ಎಸ್‌ಎಪಿಯ ಪಾಲಾಯಿತು. ಕೆಲಸ ಸಾಗುವ ಬಗೆ ಹೀಗಿದೆ: ತಂಡದ ಮ್ಯಾನೇಜರ್ ಜನ ಬೇಕೆಂದು ತಂತ್ರಾಂಶದಲ್ಲಿ ನಮೂದಿಸುತ್ತಾರೆ, ಎಂಎಸ್‌ಪಿ ಅದನ್ನು ಪಟ್ಟಿಯಲ್ಲಿರುವ ವೆಂಡರುಗಳಿಗೆ ಕಳಿಸುತ್ತದೆ, ಅವರು ಕಳಿಸಿದ ರೆಸ್ಯೂಮೆಗಳನ್ನು ಸೋಸುತ್ತದೆ, ಯಾವ ಕೆಲಸಕ್ಕೆ ಎಷ್ಟು ದರ ಎಂಬ ಪಟ್ಟಿಯನ್ನು ಕಾಯುತ್ತದೆ, ಟೈಮ್‌ಶೀಟ್‌ಗಳನ್ನು ಒಟ್ಟುಗೂಡಿಸಿ ಕಂಪನಿಗೆ ಒಂದೇ ಬಿಲ್ಲು ಕೊಡುತ್ತದೆ. ಅದರ ಶುಲ್ಕವನ್ನು ಹೆಚ್ಚಾಗಿ ವೆಂಡರುಗಳ ಬಿಲ್ಲಿನಲ್ಲಿಯೇ ಮುರಿದುಕೊಳ್ಳಲಾಗುತ್ತದೆ. ಹಾಗಾಗಿ ಕಂಪನಿಗೆ ಸೇವೆ ಪುಕ್ಕಟೆ ಬಂದಂತೆ ಕಾಣುತ್ತದೆ. ವೆಂಡರಿನ ಲಾಭ ತೆಳುವಾದಾಗ ಆ ಒತ್ತಡ ಕೊನೆಗೆ ತಲುಪುವುದು ನೌಕರನ ಕೈಗೆ ಬರುವ ಮೊತ್ತಕ್ಕೆ.

ಭಾರತದ ಹಿನ್ನೆಲೆ ಬೇರೆ. ಇಲ್ಲಿ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು ಮೊದಲಿನಿಂದಲೂ ಹೇಳುತ್ತಿತ್ತು. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದ ಕಡೆ ಕಾರ್ಮಿಕರು ತಾವಾಗಿ ಮೂಲ ಮಾಲೀಕನ ನೌಕರರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಹೇಳಿದ್ದನ್ನು, 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸಂವಿಧಾನ ಪೀಠವು ತಳ್ಳಿಹಾಕಿತು. ಗುತ್ತಿಗೆ ಬರಿಯ ತೋರಿಕೆಯದು ಎಂದು ಸಾಬೀತಾದರೆ ಮಾತ್ರ ಮಾತು ಬೇರೆ. ಹಾಗೆ ಸಾಬೀತಾಗುವುದು ನೇಮಕ, ಸಂಬಳ, ಮೇಲ್ವಿಚಾರಣೆ ಯಾರ ಕೈಯಲ್ಲಿವೆ ಎಂಬುದರ ಮೇಲೆ. ವೆಂಡರ್ ಕಡೆಯವರ ರಜೆಯನ್ನು ವೆಂಡರಿನ ಪೋರ್ಟಲಿನಲ್ಲಿಯೇ ಮಂಜೂರು ಮಾಡಿಸುವ ಇಂದಿನ ಪದ್ಧತಿಗೆ ಅರ್ಥ ಬರುವುದು ಈ ತೀರ್ಪುಗಳ ಹಿನ್ನೆಲೆಯಲ್ಲಿ.

ಎಂಎಸ್‌ಪಿಯ ಪರವಾಗಿ ಹೇಳಬೇಕಾದ ಮಾತೂ ಇದೆ, ಅದು ಸಣ್ಣದಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಘಟಕದಲ್ಲಿ ಕಾರ್ಮಿಕರ ಆಕ್ರೋಶ ಸಿಡಿದಾಗ, ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲವೆಂದು ಘಟಕದ ಆಡಳಿತವೇ ಒಪ್ಪಿಕೊಂಡಿತ್ತು. ಅಲ್ಪಾವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿದ್ದನ್ನು ಸರ್ಕಾರಿ ಪರಿಶೀಲನೆ ಗುರುತಿಸಿತ್ತು. ಅವರಲ್ಲಿ ಬಹುಪಾಲು ಜನ ಹಲವು ಏಜೆನ್ಸಿಗಳ ಮೂಲಕ ಬಂದವರು. ಒಳಗೆ ಎಷ್ಟು ಜನರಿದ್ದಾರೆ, ಯಾರಿಗೆ ಎಷ್ಟು ಬಾಕಿಯಿದೆ, ಪಿಎಫ್ ಚಲನ್ ಕಟ್ಟಲಾಗಿದೆಯೇ ಎಂಬುದನ್ನು ಪ್ರತಿ ತಿಂಗಳು ಒಂದೇ ಕಡೆ ತಾಳೆ ನೋಡುವ ವ್ಯವಸ್ಥೆ, ಪ್ರಾಮಾಣಿಕವಾಗಿ ನಡೆದರೆ, ಇಂಥ ಗೊಂದಲವನ್ನು ಬಹಳಷ್ಟು ತಡೆಯಬಲ್ಲದು.

ತೊಡಕಿರುವುದು ಅದನ್ನು ಜಾರಿಗೆ ತರುವ ಘಳಿಗೆಯಲ್ಲಿ. ಕಾರ್ಯಕ್ರಮ ಆರಂಭವಾದಾಗ ಸಾಮಾನ್ಯವಾಗಿ ನಡೆಯುವ ಮೊದಲ ಕೆಲಸಗಳಲ್ಲೊಂದು ವೆಂಡರುಗಳ ಪಟ್ಟಿಯನ್ನು ಕಿರಿದುಗೊಳಿಸುವುದು. ಪಟ್ಟಿಯಿಂದ ಹೊರಬಿದ್ದ ವೆಂಡರಿನ ನೌಕರರನ್ನು ಉಳಿದವರ ಪೇರೋಲ್‌ಗೆ ವರ್ಗಾಯಿಸಲಾಗುತ್ತದೆ. ಶುಕ್ರವಾರ ರಾಜೀನಾಮೆ ಪತ್ರ, ಸೋಮವಾರ ಹೊಸ ಆಫರ್ ಲೆಟರ್. ಕುರ್ಚಿ, ಲ್ಯಾಪ್‌ಟಾಪ್, ಮ್ಯಾನೇಜರ್ ಯಾವುದೂ ಬದಲಾಗುವುದಿಲ್ಲ. ಪಿಎಫ್ ಮಟ್ಟಿಗೆ 2014ರಲ್ಲಿ ಬಂದ, ಮಾಲೀಕ ಬದಲಾದರೂ ಬದಲಾಗದ ಯುಎಎನ್ ಸಂಖ್ಯೆಯಿಂದ ಹಳೆಯ ಖಾತೆ ಕೈತಪ್ಪುವುದಿಲ್ಲ. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಗ್ರಾಚ್ಯುಟಿಯ ಕಥೆ ಹಾಗಲ್ಲ. 1972ರ ಕಾಯ್ದೆಯ ಕಾಲದಿಂದಲೂ ಅದಕ್ಕೆ ಸಾಮಾನ್ಯವಾಗಿ ಒಬ್ಬನೇ ಮಾಲೀಕನ ಬಳಿ ಐದು ವರ್ಷಗಳ ಸತತ ಸೇವೆ ಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ ಇರುವವರಿಗೆ ತಿಂಗಳಿಗೆ 26 ದಿನವೆಂದು ಎಣಿಸಿ, ವರ್ಷಕ್ಕೆ ಹದಿನೈದು ದಿನದ ಲೆಕ್ಕದಲ್ಲಿ 15,000, ಐದು ವರ್ಷಕ್ಕೆ 75,000 ರೂಪಾಯಿ ಬರಬೇಕು. ಅದೇ ಕುರ್ಚಿಯಲ್ಲಿ ಎರಡೂವರೆ ವರ್ಷ ಒಂದು ವೆಂಡರಿನ ಹೆಸರಿನಲ್ಲಿ, ಎರಡೂವರೆ ವರ್ಷ ಇನ್ನೊಂದರ ಹೆಸರಿನಲ್ಲಿ ದುಡಿದವರಿಗೆ ಕಾಗದದ ಲೆಕ್ಕದಲ್ಲಿ ಬರುವುದು ಸೊನ್ನೆ. ವರ್ಗಾವಣೆಯ ಪತ್ರದಲ್ಲಿ ‘ಹಿಂದಿನ ಸೇವೆಯನ್ನು ಪರಿಗಣಿಸಲಾಗುವುದು’ ಎಂಬ ಒಂದು ಸಾಲು ಸೇರಿದರೆ ಈ ನಷ್ಟ ತಪ್ಪುತ್ತದೆ. ಆ ಸಾಲನ್ನು ಬರೆಸುವ ಹೊಣೆ ಕಂಪನಿಯದೋ, ಎಂಎಸ್‌ಪಿಯದೋ, ಹೊಸ ವೆಂಡರಿನದೋ ಎಂಬುದು ಇತ್ಯರ್ಥವಾಗದೆ ಉಳಿದುಬಿಡುತ್ತದೆ. ಕೇಳಬೇಕಾದ ನೌಕರನ ಕೈಯಲ್ಲಿ ಸಹಿ ಹಾಕಲು ಎರಡು ದಿನ ಮಾತ್ರ ಇರುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಚಿತ್ರವನ್ನು ಸ್ವಲ್ಪ ಬದಲಾಯಿಸಿವೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಯ ಮೇಲೆಯೇ ಗ್ರಾಚ್ಯುಟಿ ಸಲ್ಲುತ್ತದೆ. ಕಂಪನಿಯ ಮುಖ್ಯ ಚಟುವಟಿಕೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಗುತ್ತಿಗೆ ಕಾರ್ಮಿಕರನ್ನು ಹಚ್ಚುವಂತಿಲ್ಲ. ಆದರೆ ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸಲು ಬೇಕಾದ ಸಂಖ್ಯೆ 20ರಿಂದ 50ಕ್ಕೆ ಏರಿದೆ, ಮತ್ತು ಗುತ್ತಿಗೆದಾರನ ಬಳಿ ನಿಯತವಾಗಿ ಕೆಲಸಕ್ಕಿದ್ದು ಕಾಲಕಾಲಕ್ಕೆ ವೇತನ ಹೆಚ್ಚಳ, ಸಾಮಾಜಿಕ ಭದ್ರತೆ ಪಡೆಯುವವರು ‘ಗುತ್ತಿಗೆ ಕಾರ್ಮಿಕ’ ಎಂಬ ವ್ಯಾಖ್ಯೆಯಿಂದಲೇ ಹೊರಗುಳಿಯುತ್ತಾರೆ. ಆದ್ದರಿಂದ ಪೇರೋಲ್ ಬದಲಾಗುತ್ತಿರುವವರು ಹೊಸ ಪತ್ರದಲ್ಲಿ ಮೊದಲು ನೋಡಬೇಕಾದದ್ದು ಸಂಬಳದ ಅಂಕಿಯನ್ನಲ್ಲ. ನೇಮಕ ನಿಗದಿತ ಅವಧಿಯದೆಂದು ಬರೆದಿದೆಯೇ ಎಂಬುದನ್ನು ಮತ್ತು ಸೇವೆ ಆರಂಭವಾದ ದಿನಾಂಕ ಯಾವುದೆಂದು ನಮೂದಾಗಿದೆ ಎಂಬುದನ್ನು.