ಓದುಗರ ಪ್ರಶ್ನೆ: ಕರ್ನಾಟಕ ಕ್ರಿಕೆಟ್ ತಂಡದ ಸಾರ್ವಕಾಲಿಕ ಶ್ರೇಷ್ಠರಲ್ಲಿ ನಮ್ಮ ವಿನಯ್ ಎಷ್ಟನೆಯವರು?

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಐದನೆಯವರು. ನನ್ನ ಪಟ್ಟಿಯಲ್ಲಿ ಜಿ.ಆರ್. ವಿಶ್ವನಾಥ್ ಮೊದಲು. ಆಮೇಲೆ ಚಂದ್ರಶೇಖರ್, ಪ್ರಸನ್ನ, ಸುನಿಲ್ ಜೋಶಿ. ಜೋಶಿಯವರ ಬೆನ್ನಿಗೇ ನಮ್ಮ ದಾವಣಗೆರೆಯ ಬೌಲರ್ ವಿನಯ್ ಕುಮಾರ್. ಆರನೆಯವರು ಬ್ರಿಜೇಶ್ ಪಟೇಲ್. ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ ಬರುವುದು ಅದಾದ ಮೇಲೆ.

ಈ ಪ್ರಶ್ನೆಗೆ ದಾವಣಗೆರೆಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಪಟ್ಟಿ ಕೇಳುತ್ತಾರೆ, ಹೇಳುತ್ತೇನೆ. ದ್ರಾವಿಡ್ ಹೆಸರು ಆರರ ಒಳಗೆ ಇಲ್ಲ ಅಂದ ಕೂಡಲೇ ಅಲ್ಲಿಗೆ ಮಾತು ನಿಲ್ಲುತ್ತದೆ. 'ದ್ರಾವಿಡ್‌ಗಿಂತ ವಿನಯ್ ದೊಡ್ಡೋನೇನ್ರಿ? ಊರಭಿಮಾನಕ್ಕೂ ಒಂದು ಮಿತಿ ಬೇಡ್ವಾ?' ಅಂತ ಎದ್ದು ಹೋಗುತ್ತಾರೆ. ಅವರ ಅಸಮಾಧಾನದ ಹಿಂದೆ ಒಂದು ನಂಬಿಕೆ ಬೇರು ಬಿಟ್ಟು ಕೂತಿದೆ. ಭಾರತಕ್ಕೆ ಆಡಿ ಯಾರು ದೊಡ್ಡವರಾದರೋ ಅವರೇ ಕರ್ನಾಟಕ ತಂಡಕ್ಕೂ ದೊಡ್ಡವರು ಎಂಬ ನಂಬಿಕೆ. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಈ ಸಲ ಬುಡಸಮೇತ ಕೀಳೋಣ.

ಪ್ರಶ್ನೆ ಇರುವುದು ಕರ್ನಾಟಕ ತಂಡದ ಬಗ್ಗೆ. ಅಂದರೆ ರಾಜ್ಯದ ಟೋಪಿ ಹಾಕಿಕೊಂಡು ರಣಜಿ, ಇರಾನಿ, ವಿಜಯ್ ಹಜಾರೆಯಂಥ ದೇಶೀಯ ಪಂದ್ಯಗಳಲ್ಲಿ ಮಾಡಿದ ಕೆಲಸದ ಬಗ್ಗೆ. ದ್ರಾವಿಡ್ ಆಡಿದ್ದು 164 ಟೆಸ್ಟ್, 344 ಏಕದಿನ ಪಂದ್ಯ. ಕುಂಬ್ಳೆ 132 ಟೆಸ್ಟ್, 271 ಏಕದಿನ, ಟೆಸ್ಟ್‌ನಲ್ಲಿ 619 ವಿಕೆಟ್. ಇಷ್ಟೆಲ್ಲ ಆಡಿದವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ರಣಜಿ ಆಡಲು ಬಿಡುವು ಎಲ್ಲಿಂದ ಬರಬೇಕು? ಕುಂಬ್ಳೆ 1989ರಲ್ಲಿ ಕರ್ನಾಟಕಕ್ಕೆ ಮೊದಲ ಪಂದ್ಯ ಆಡಿದರು, 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಭಾರತಕ್ಕೆ ಬೌಲಿಂಗ್ ಮಾಡುತ್ತಿದ್ದರು. ರಾಜ್ಯ ತಂಡದ ಕೈಗೆ ಅವರು ಸಿಕ್ಕಿದ್ದು ಬಿಡುವಿದ್ದಾಗ ಮಾತ್ರ. ದ್ರಾವಿಡ್ 1995-96ರ ಫೈನಲ್‌ನಲ್ಲಿ ತಮಿಳುನಾಡಿನ ಎದುರು ಶತಕ ಹೊಡೆದರು, ಆ ವರ್ಷ ಪ್ರಶಸ್ತಿ ನಮಗೇ ಬಂತು. ಅದು ಅವರ ಲೆಕ್ಕಕ್ಕೆ ಪೂರ್ತಿ ಜಮೆ ಆಗಲಿ. ಆದರೆ 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಅವರು ಹೊಡೆದ 95 ಕರ್ನಾಟಕದ ಖಾತೆಗೆ ಬರುವುದಿಲ್ಲ. ಅದು ಭಾರತದ್ದು. ಇದರಿಂದ ಅವರ ದೊಡ್ಡಸ್ತಿಕೆಗೆ ಒಂದು ಕೂದಲೂ ಕೊಂಕುವುದಿಲ್ಲ.

'ಹಾಗಾದರೆ ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ ಕೂಡ ಭಾರತದ ದಿಗ್ಗಜರೇ ಅಲ್ವಾ, ಅವರನ್ನ ಯಾಕೆ ಮೇಲೆ ಇಟ್ರಿ?' ಅಂತ ಚಿತ್ರದುರ್ಗದ ಒಬ್ಬ ಓದುಗರು ಕೇಳಿದ್ದಾರೆ. ಇದು ಒಳ್ಳೆಯ ಪ್ರಶ್ನೆ. ಆ ಕಾಲದಲ್ಲಿ ಭಾರತ ಆಡುತ್ತಿದ್ದ ಪಂದ್ಯಗಳೇ ಕಡಿಮೆ. ಏಕದಿನ ಕ್ರಿಕೆಟ್ ಇರಲಿಲ್ಲ, ಇದ್ದಾಗಲೂ ಬೆರಳೆಣಿಕೆಯಷ್ಟು. ಹಾಗಾಗಿ ಟೆಸ್ಟ್ ಆಟಗಾರರು ಸೀಸನ್ ಪೂರ್ತಿ ರಾಜ್ಯದ ಜೊತೆಗೇ ಇರುತ್ತಿದ್ದರು. ಚಂದ್ರಶೇಖರ್ ರಣಜಿಯಲ್ಲಿ ತೆಗೆದ 437 ವಿಕೆಟ್ ಹಾಗೆ ಬಂದದ್ದು. ಮೈಸೂರು ಅಂತ ಕರೆಸಿಕೊಳ್ಳುತ್ತಿದ್ದ ಕಾಲದಿಂದ ಕರ್ನಾಟಕ ಆದ ಮೇಲಿನವರೆಗೂ ಅವರು ತಂಡದ ಬೆನ್ನೆಲುಬು.

ವಿಶ್ವನಾಥ್ ವಿಷಯಕ್ಕೆ ಬಂದರೆ ನನಗೆ ವಾದ ಮಾಡುವ ಅಗತ್ಯವೇ ಕಾಣುವುದಿಲ್ಲ. 1967ರಲ್ಲಿ ಮೊದಲ ಪಂದ್ಯದಲ್ಲೇ ಆಂಧ್ರದ ಮೇಲೆ 230. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬಾಂಬೆ ಎದುರು 162. ಬಾಂಬೆ ಆಗ ಸತತ 15 ವರ್ಷ ರಣಜಿ ಗೆದ್ದು ಬಂದಿದ್ದ ತಂಡ. ಆ ಇನಿಂಗ್ಸ್‌ನಲ್ಲೇ ಬ್ರಿಜೇಶ್ 106 ಹೊಡೆದರು. ಆಮೇಲೆ ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆ ನಮ್ಮದಾಯಿತು, 15 ವರ್ಷದ ಕೋಟೆ ಬಿತ್ತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಮನೆಗೆ ಬಂತು. 1977-78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ಎದುರು ಮತ್ತೆ ವಿಶ್ವನಾಥ್, 247. ದೊಡ್ಡ ಪಂದ್ಯ, ಬಲವಾದ ಎದುರಾಳಿ, ರಾಜ್ಯದ ಗೆಲುವು. ನಾನು ಅಳೆಯುವುದು ಈ ಮೂರನ್ನೇ.

ಈಗ ಅದೇ ಅಳತೆಗೋಲನ್ನು ಭಾರತದಲ್ಲಿ ದೊಡ್ಡ ಹೆಸರಾಗದವರ ಮೇಲೆ ಇಟ್ಟು ನೋಡಿ, ಆ ನಂಬಿಕೆ ಎಷ್ಟು ಟೊಳ್ಳು ಅಂತ ತಿಳಿಯುತ್ತದೆ. ರಘುರಾಮ್ ಭಟ್ ಆಡಿದ್ದು 2 ಟೆಸ್ಟ್. ಪ್ರಥಮ ದರ್ಜೆಯಲ್ಲಿ ತೆಗೆದದ್ದು 374 ವಿಕೆಟ್. 1981-82ರ ಸೆಮಿಫೈನಲ್‌ನಲ್ಲಿ ಬಾಂಬೆ ಎದುರು ಹ್ಯಾಟ್ರಿಕ್. ಅದೇ ಪಂದ್ಯದಲ್ಲಿ ಅವರ ತಿರುವು ತಡೆಯಲು ಗಾವಸ್ಕರ್ ಎಡಗೈ ಬ್ಯಾಟರ್ ಆಗಿ ನಿಂತರು. ಗಾವಸ್ಕರ್ ಅಂಥವರು ತಮ್ಮ ಕೈಯನ್ನೇ ಬದಲಿಸಬೇಕಾಯಿತು ಅಂದ ಮೇಲೆ ಆ ಬೌಲರ್ ಎಂಥವರು ಅನ್ನುವುದಕ್ಕೆ ಟೆಸ್ಟ್ ಟೋಪಿಯ ಸಾಕ್ಷಿ ಬೇಕೇ? ಬ್ರಿಜೇಶ್ ಪಟೇಲ್‌ಗೆ 21 ಟೆಸ್ಟ್‌ನಲ್ಲಿ ಒಂದೇ ಶತಕ, ಪ್ರಥಮ ದರ್ಜೆಯಲ್ಲಿ 37. ವಿಜಯ್ ಭಾರದ್ವಾಜ್ 1998-99ರಲ್ಲಿ ಒಂದೇ ರಣಜಿ ಸೀಸನ್‌ನಲ್ಲಿ 1280 ರನ್ ಹೊಡೆದರು. ಟೆಸ್ಟ್ ಆಡಿದ್ದು ಮೂರೇ ಮೂರು.

ಗದಗದ ಸುನಿಲ್ ಜೋಶಿಯವರನ್ನು ಜನ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್‌ನಲ್ಲಿ 6 ರನ್‌ಗೆ 5 ವಿಕೆಟ್ ತೆಗೆದದ್ದಕ್ಕೆ ನೆನೆಯುತ್ತಾರೆ. ನಾನು ನೆನೆಯುವುದು 1995-96ರ ರಣಜಿಗೆ. ಒಂದೇ ಸೀಸನ್‌ನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಚಿಕ್ಕಂದಿನಲ್ಲಿ ಬೆಳಗ್ಗೆ ಗದಗದಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದ ಹುಡುಗ ಮಾಡಿದ ಕೆಲಸ ಇದು. ವಿನಯ್‌ಗಿಂತ ಅವರನ್ನು ಒಂದು ಮೆಟ್ಟಿಲು ಮೇಲೆ ಇಡುವುದು ಈ ಎರಡು ಕೈ ಕೆಲಸಕ್ಕಾಗಿ.

ಇನ್ನು ವಿನಯ್. ಆ ನಂಬಿಕೆಯವರು ಇಲ್ಲಿ ಹಿಡಿದು ಬರುವ ಆಯುಧ ಎರಡು. ಒಂದು, 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟ್, ಸಿಕ್ಕಿದ್ದು ಒಂದೇ ವಿಕೆಟ್. ಇನ್ನೊಂದು, 2013ರ ನವೆಂಬರ್ 2ರಂದು ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು 9 ಓವರ್‌ಗೆ 102 ರನ್. ಎರಡೂ ನಿಜ. ಆದರೆ ಆ 102 ರನ್ನಿನ ಮೂರು ತಿಂಗಳ ಮೇಲೆ ಏನಾಯಿತು ಅಂತ ಇವರು ಯಾರೂ ಹೇಳುವುದಿಲ್ಲ. 2014ರ ಫೆಬ್ರವರಿ ಮೊದಲ ವಾರದ ಹೊತ್ತಿಗೆ ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ವಿನಯ್ ರಣಜಿ ಟ್ರೋಫಿ ಎತ್ತಿದ್ದರು. ಕರ್ನಾಟಕ 15 ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. 2010ರಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಬರೀ 6 ರನ್‌ನಿಂದ ಸೋತ ಗಾಯ ಇನ್ನೂ ಹಸಿಯಾಗಿತ್ತು. ಆ ಸೀಸನ್‌ನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಬಂದವು. ಮರುವರ್ಷ ಮತ್ತೆ ಮೂರೂ ಬಂದವು. ಎರಡು ವರ್ಷ, ಆರು ಟ್ರೋಫಿ, ನಾಯಕ ಆಟೋ ಚಾಲಕರೊಬ್ಬರ ಮಗ, ನಮ್ಮೂರಿನವರು.

2015ರ ವಾಂಖೆಡೆ ಫೈನಲ್ ನೋಡಿ. ಮೊದಲ ದಿನ ತಮಿಳುನಾಡು 134ಕ್ಕೆ ಆಲೌಟ್. ವಿನಯ್ 34 ರನ್‌ಗೆ 5 ವಿಕೆಟ್. ನಮ್ಮ ಬ್ಯಾಟಿಂಗ್ ಕೂಡ ಶುರುವಿನಲ್ಲಿ ಕುಸಿಯಿತು, ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188 ಹೊಡೆದು ಎತ್ತಿದರು. ಅವರ ಹಿಂದೆ ಬಂದ ನಾಯಕ ಅಜೇಯ 105. ತಂಡ 762. ಇನಿಂಗ್ಸ್ ಮತ್ತು 217 ರನ್ ಗೆಲುವು. ಫೈನಲ್‌ನಲ್ಲಿ ಐದು ವಿಕೆಟ್, ಶತಕ, ಮೇಲೆ ನಾಯಕತ್ವ. ಇದನ್ನು ಒಂದು ತಟ್ಟೆಯಲ್ಲಿಟ್ಟು ಪರ್ತ್ ಟೆಸ್ಟ್ ಅನ್ನು ಇನ್ನೊಂದರಲ್ಲಿಟ್ಟು ತೂಗುವವರಿಗೆ ನಾನು ಏನು ಹೇಳಲಿ? 2017ರ ಡಿಸೆಂಬರ್‌ನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬೈ ಎದುರು ಹ್ಯಾಟ್ರಿಕ್ ಸಮೇತ 34 ರನ್‌ಗೆ 6 ವಿಕೆಟ್ ತೆಗೆದಾಗ ಅವರ ವಯಸ್ಸು 33. 2021ರಲ್ಲಿ ನಿವೃತ್ತಿಯಾದಾಗ ರಣಜಿಯಲ್ಲಿ 442 ವಿಕೆಟ್ ಇದ್ದವು. ಕೊನೆಯ ಸೀಸನ್ ಪುದುಚೇರಿಗೆ ಆಡಿದರು, ಅಲ್ಲಿಯ ವಿಕೆಟ್‌ಗಳನ್ನು ಕಳೆದೇ ನಾನು ಐದನೇ ಸ್ಥಾನ ಕೊಟ್ಟಿರುವುದು.



ಆದರೆ ಯಾರೂ ಕೇಳದ, ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ. ಗಂಟೆಗೆ 130 ಕಿಲೋಮೀಟರ್ ಆಸುಪಾಸಿನಲ್ಲಿ ಬೌಲಿಂಗ್ ಮಾಡುವವರಿಗೆ ಇಷ್ಟು ವಿಕೆಟ್ ಬಂದದ್ದು ಹೇಗೆ? 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ಹೆಸರು ಕೇಳಿ ನಮ್ಮ ಹುಡುಗರು ವಿನಯ್ ಅಂದರೆ ವೇಗ ಅಂದುಕೊಂಡಿದ್ದಾರೆ. ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ನೋಡಿ, ಟೆನಿಸ್ ಬಾಲ್ ಹಿಡಿದವರೆಲ್ಲ ಭುಜ ಕಿತ್ತು ಹೋಗುವ ಹಾಗೆ ಎಸೆಯುತ್ತಾರೆ. ಟೆನಿಸ್ ಬಾಲ್‌ಗೆ ಸೀಮ್, ಅಂದರೆ ಉಬ್ಬಿದ ಹೊಲಿಗೆ, ಇಲ್ಲ. ವಿನಯ್ ಅವರ ಬದುಕು ನಡೆದದ್ದೇ ಸೀಮ್ ಮೇಲೆ.

ರಣಜಿಯಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಲಿಗೆ ಕೈಯಲ್ಲಿ ಹಾಕಿದ್ದು, ಉಬ್ಬಿ ನಿಂತಿರುತ್ತದೆ. ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ (ಗಾಳಿಯಲ್ಲಿ ಹೊರಕ್ಕೆ ತಿರುಗುವ ಚೆಂಡು) ಹಾಕಬೇಕಾದರೆ ತೋರುಬೆರಳು, ನಡುಬೆರಳು ಸೀಮ್‌ನ ಎರಡು ಪಕ್ಕ, ಹೆಬ್ಬೆರಳು ಕೆಳಗೆ ಸೀಮ್ ಮೇಲೇ. ಸೀಮ್‌ನ ಮುಖ ಸ್ಲಿಪ್ ಕಡೆ, ಹೊಳಪಿನ ಬದಿ ಲೆಗ್ ಕಡೆ. ಚೆಂಡು ಬಿಡುವ ಹೊತ್ತಿಗೆ ಮಣಿಕಟ್ಟು ಚೆಂಡಿನ ಹಿಂದೆ ನೆಟ್ಟಗೆ ಇರಬೇಕು, ಒಂದಿಷ್ಟು ವಾಲಿದರೂ ಸೀಮ್ ಗಾಳಿಯಲ್ಲಿ ಓಲಾಡಿ ಸ್ವಿಂಗ್ ಸತ್ತುಹೋಗುತ್ತದೆ. ಬ್ಯಾಟರ್ ಮುಂದೆ ಬಂದು ಆಡಲೇಬೇಕಾದ ಜಾಗದಲ್ಲಿ ಚೆಂಡು ಬಿದ್ದರೆ, ಡಿಸೆಂಬರ್ ಬೆಳಗಿನ ತೇವ ಪಿಚ್‌ನಲ್ಲಿ ಇರುವಷ್ಟು ಹೊತ್ತು 130 ಸಾಕು. ತಡವಾಗಿ ಹೊರಕ್ಕೆ ತಿರುಗಿದ ಚೆಂಡು ಬ್ಯಾಟಿನ ಅಂಚು ಹುಡುಕಿಕೊಂಡು ಹೋಗುತ್ತದೆ. ಇದನ್ನು ದಿನಕ್ಕೆ 20 ಓವರ್, ವರ್ಷಾನುಗಟ್ಟಲೆ, ಸತ್ತ ಪಿಚ್‌ಗಳಲ್ಲೂ ಮಾಡಿದ್ದು ಅವರ ಹಿರಿಮೆ.

ದಾವಣಗೆರೆ, ಚಳ್ಳಕೆರೆ, ಹಿರಿಯೂರಿನ ಅಪ್ಪಂದಿರು 'ನಮ್ಮ ಹುಡುಗ ತುಂಬಾ ಸ್ಪೀಡು, ಯಾವ ಕ್ಯಾಂಪಿಗೆ ಸೇರಿಸಬೇಕು?' ಅಂತ ಕೇಳುತ್ತಲೇ ಇರುತ್ತಾರೆ. ಕ್ಯಾಂಪಿನ ಮಾತು ಆಮೇಲೆ. ಮೊದಲು ಒಂದು ಲೆದರ್ ಬಾಲ್ ಕೊಡಿಸಿ. ಸ್ಟಂಪ್‌ನ ಹಿಂದೆ ನಿಂತು, ಹುಡುಗ ಬಿಟ್ಟ ಚೆಂಡಿನ ಸೀಮ್ ನಿಮ್ಮ ಕಡೆಗೆ ನೆಟ್ಟಗೆ ಬರುತ್ತಿದೆಯೋ, ಓಲಾಡುತ್ತಿದೆಯೋ ನೋಡಿ. ಓಲಾಡುತ್ತಿದ್ದರೆ ರನ್‌ಅಪ್ ಅರ್ಧ ಕಡಿಮೆ ಮಾಡಿಸಿ, ನೆಟ್ಟಗಾಗುವವರೆಗೆ ಅಷ್ಟರಲ್ಲೇ ಹಾಕಿಸಿ.