ನೀರಿನ ಪಾಠ: ದಿನಕ್ಕೆ ನಾಲ್ಕು ಸಾವಿರ ಲೀಟರ್ ಇದ್ದರೂ ಕೊರತೆ ಹೇಗೆ?

ಭೂಮಿಯ ನೀರಲ್ಲಿ ಶೇ. 97.5 ಉಪ್ಪುನೀರು. ಉಳಿದ ಸಿಹಿನೀರಲ್ಲಿ ಮೂರರಲ್ಲಿ ಎರಡು ಪಾಲು ಹಿಮವಾಗಿ ಕೂತಿದೆ. ಇದು ಎಲ್ಲರಿಗೂ ಬಾಯಿಪಾಠ, ಮುಂದೆ ಹೋಗೋಣ. ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದು ಫಾಲ್ಕನ್‌ಮಾರ್ಕ್ ಸೂಚ್ಯಂಕದಲ್ಲಿ.

ನಾನು ಎಡವಿದ ಜಾಗ

ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್ 1989ರಲ್ಲಿ ಕೊಟ್ಟ ಅಳತೆ ಇದು. ಒಬ್ಬರಿಗೆ ವರ್ಷಕ್ಕೆ 1700 ಘನ ಮೀಟರಿಗಿಂತ ಕಡಿಮೆ ನೀರಿದ್ದರೆ ಒತ್ತಡ, 1000ಕ್ಕಿಂತ ಕಡಿಮೆಯಾದರೆ ಕೊರತೆ, 500ಕ್ಕೂ ಕೆಳಗಿಳಿದರೆ ತೀವ್ರ ಕೊರತೆ. ಭಾರತದ್ದು 2021ರ ಅಂದಾಜಿನಲ್ಲಿ 1486.

ಘನ ಮೀಟರ್ ಅಂದರೆ ತಲೆಗೆ ಹತ್ತುವುದಿಲ್ಲ ಅಲ್ವಾ? ಮನೆ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ನೆನೆಸಿಕೊಳ್ಳಿ. ಒಂದು ಟ್ಯಾಂಕ್, ಒಂದು ಘನ ಮೀಟರ್. ಹಾಗಾದರೆ ನಮಗೆ ತಲೆಗೆ ವರ್ಷಕ್ಕೆ 1486 ಟ್ಯಾಂಕ್. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 4070 ಲೀಟರ್. (ನನ್ನ ಅಡ್ಡದಾರಿ: ವರ್ಷದ ಘನ ಮೀಟರನ್ನು 2.74ರಿಂದ ಗುಣಿಸಿ, ದಿನದ ಲೀಟರ್ ಬರುತ್ತದೆ.)

ಇಲ್ಲೇ ನನ್ನ ತಲೆ ಕೆಟ್ಟಿದ್ದು. ನಮ್ಮ ಬೀದಿಗೆ ನಲ್ಲಿ ನೀರು ಬರುವುದೇ ಮೂರು ದಿನಕ್ಕೊಮ್ಮೆ. ನಗರದವರಿಗೆ ನಮ್ಮ ದೇಶ ಇಟ್ಟುಕೊಂಡಿರುವ ಗುರಿ ದಿನಕ್ಕೆ 135 ಲೀಟರ್. ನಾಲ್ಕು ಸಾವಿರ ಎಲ್ಲಿದೆ? ದಶಮಾಂಶ ತಪ್ಪಿರಬೇಕು ಅಂತ ಮೂರು ಸಲ ಲೆಕ್ಕ ಮಾಡಿದೆ. ಲೆಕ್ಕ ಸರಿ. ನಾನು ಓದಿದ ರೀತಿ ತಪ್ಪು.

ಇದು ನಲ್ಲಿ ನೀರಲ್ಲ. ನಮ್ಮ ಅನ್ನ, ಬಟ್ಟೆ, ಕರೆಂಟು ಎಲ್ಲಕ್ಕೂ ಬೇಕಾದ ನೀರು ಇದರೊಳಗೇ ಬರಬೇಕು. ಒಂದು ಕಿಲೋ ಅಕ್ಕಿ ಬೆಳೆಯಲು ಪ್ರಪಂಚದ ಸರಾಸರಿಯಲ್ಲಿ ಸುಮಾರು 2500 ಲೀಟರ್ ಬೇಕು. ಕಾಲು ಕಿಲೋ ಅನ್ನಕ್ಕಿಟ್ಟರೆ ಆರುನೂರು ಲೀಟರ್ ದಾಟಿತು, ಅಂದರೆ ಮೂವತ್ತು ಬಕೆಟ್. ಇನ್ನೂ ಸಾರಿಗೆ ಬೇಳೆ ಹಾಕಿಲ್ಲ!

ಇನ್ನೊಂದು: ಇದು ಬಳಸಿದ ನೀರಿನ ಲೆಕ್ಕವಲ್ಲ, ಇರುವ ನೀರಿನ ಲೆಕ್ಕ. ದೇಶದ ನದಿಗಳಲ್ಲಿ, ಅಂತರ್ಜಲದಲ್ಲಿ ವರ್ಷಕ್ಕೆ ಸೇರುವುದನ್ನೆಲ್ಲ ಜನಸಂಖ್ಯೆಯಿಂದ ಭಾಗಿಸಿದ್ದಾರೆ. ಮಳೆಗಾಲದಲ್ಲಿ ಪ್ರವಾಹವಾಗಿ ಸಮುದ್ರ ಸೇರಿದ್ದೂ ಇದರಲ್ಲಿದೆ. ನಿಜಕ್ಕೂ ಬಳಕೆಗೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೇಲಾಗಿ ಇದು ಸರಾಸರಿ. ಬ್ರಹ್ಮಪುತ್ರದ ನೀರನ್ನು ನಂದಿಬೆಟ್ಟದ ಕಡೆ ಹುಟ್ಟುವ ಪೆನ್ನಾರ್ ತೀರದವರ ಹೆಸರಿಗೂ ಬರೆದ ಹಾಗೆ.

ಇದು ಹೊಳೆದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಲೆಕ್ಕ ಸಲೀಸಾಯಿತು. 2018ರಲ್ಲಿ ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದರು. ಅದು ನಲ್ಲಿ ನೀರು. 50ನ್ನು ತಂದು 1000 ಘನ ಮೀಟರಿನ ಪಕ್ಕ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ, ಅದಕ್ಕೇ ಹೇಳಿದ್ದು.

ಕಾಂಗೋ ಇದಕ್ಕೆ ತಿರುಗುಮುರುಗು. ಆಫ್ರಿಕಾದಲ್ಲೇ ಅತಿ ಹೆಚ್ಚು ನೀರು ಹರಿಯುವ ನದಿ ಅಲ್ಲಿದೆ, ಆದರೂ ಎಷ್ಟೋ ಮನೆಗಳಿಗೆ ಶುದ್ಧ ನೀರಿಲ್ಲ. ಪೈಪಿಲ್ಲ, ಹಣವಿಲ್ಲ. ಇದಕ್ಕೆ ಆರ್ಥಿಕ ಕೊರತೆ ಅಂತಾರೆ. ನೀರೇ ಇಲ್ಲದಿದ್ದರೆ ಭೌತಿಕ ಕೊರತೆ.

ಮಾಲಿನ್ಯ

ಫಾಲ್ಕನ್‌ಮಾರ್ಕ್ ಅಳತೆ ಇನ್ನೊಂದು ಪ್ರಶ್ನೆ ಕೇಳುವುದೇ ಇಲ್ಲ: ಆ ನೀರು ಕುಡಿಯುವ ಹಾಗಿದೆಯಾ? ಬಾಂಗ್ಲಾದೇಶ ನೋಡಿ. ಎಲ್ಲೆಲ್ಲೂ ನೀರು. ಕೆರೆ ನೀರಿನಿಂದ ಕಾಲರಾ, ಭೇದಿ ಬರುತ್ತದೆ ಅಂತ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಊರೂರಿಗೆ ಕೊಳವೆಬಾವಿ ಕೊರೆದರು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಪತ್ತೆಯಾಯಿತು. ಯಾವ ಕಾರ್ಖಾನೆಯೂ ಸುರಿದಿದ್ದಲ್ಲ, ಮಣ್ಣಿನೊಳಗಿನದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಬಾಂಗ್ಲಾದೇಶದ್ದು 50. ಎರಡನ್ನೂ ನೆನಪಿಡಿ.

ಕೊಳಚೆ ನೀರಿನ ಎರಡು ಅಳತೆಗಳಾದ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ಡಿಒ (ನೀರಿನಲ್ಲಿ ಕರಗಿರುವ ಆಮ್ಲಜನಕ) ಅದಲುಬದಲಾಗುವವರಿಗೆ: ಬಿಒಡಿ ಅಂದರೆ ಹಸಿವು, ಡಿಒ ಅಂದರೆ ತಟ್ಟೆಯಲ್ಲಿರುವ ಅನ್ನ. ಕೊಳಚೆ ಜಾಸ್ತಿ ಆದಷ್ಟೂ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕದ ಹಸಿವು ಜಾಸ್ತಿ. ಅವು ತಟ್ಟೆ ಖಾಲಿ ಮಾಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ.

ಆದರೆ ಬಿಒಡಿ ಕಡಿಮೆ ಇದೆ ಅಂತ ನೀರು ಸುರಕ್ಷಿತ ಅಂದುಕೊಳ್ಳಬೇಡಿ. ಅದು ಕೊಳೆಯುವ ಕಸವನ್ನು ಮಾತ್ರ ಅಳೆಯುತ್ತದೆ. ಆರ್ಸೆನಿಕ್ ಅದಕ್ಕೆ ಕಾಣುವುದಿಲ್ಲ, ಪಾದರಸವೂ ಅಷ್ಟೇ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ಕಾಯಿಲೆ ಕಾರ್ಖಾನೆ ಬಿಟ್ಟ ಪಾದರಸ ಮೀನಿನ ಮೂಲಕ ಜನರನ್ನು ಮುಟ್ಟಿದ್ದರಿಂದ ಬಂದಿದ್ದು.

ನನ್ನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕೊರತೆ, ಬಲಕ್ಕೆ ಮಾಲಿನ್ಯ ಅಂತ ಗೆರೆ ಹಾಕಿದ್ದೆ. ಮಧ್ಯ ಏಷ್ಯಾದ ಅರಲ್ ಸಮುದ್ರ ಯಾವ ಕಡೆಗೆ? ಹತ್ತಿ ಬೆಳೆಯಲು ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ತಿರುಗಿಸಿದರು, ಸಮುದ್ರ ಬತ್ತಿತು. ಉಳಿದ ನೀರು ಉಪ್ಪಾಯಿತು, ಒಣಗಿದ ತಳದಿಂದ ಕೀಟನಾಶಕ ಬೆರೆತ ಧೂಳು ಎದ್ದಿತು. 2005ರಲ್ಲಿ ಕೋಕ್-ಅರಲ್ ಅಣೆಕಟ್ಟು ಕಟ್ಟಿದ ಮೇಲೆ ಉತ್ತರದ ತುಂಡಿಗೆ ಮಾತ್ರ ಸ್ವಲ್ಪ ನೀರು, ಮೀನು ಮರಳಿತು. ಕೊನೆಗೆ ಅದರ ಹೆಸರನ್ನು ಗೆರೆಯ ಮೇಲೇ ಬರೆದಿದ್ದೇನೆ.